ನೋವು ಬರಿಸುವ ತಾರೀಖು ಗೊತ್ತಾದ ಮೇಲೆ: ಇಂಡಕ್ಷನ್ ಭಯವನ್ನು ಎದುರಿಸುವ ಸಮಗ್ರ ಮಾರ್ಗದರ್ಶಿ

“ಮಂಗಳವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗಿಬಿಡಿ, ನೋವು ಬರಿಸೋಣ” ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ ಬಸುರಿಗೆ ಊಟ ರುಚಿಸುವುದಿಲ್ಲ, ನಿದ್ದೆ ಹತ್ತುವುದಿಲ್ಲ. ತಾನಾಗಿ ಬರುವ ನೋವು ಹೇಳದೆ ಕೇಳದೆ ಬರುತ್ತದೆ. ಬಂದಾಗ ಹೆದರಿಕೊಂಡು ಕೂರಲು ಪುರುಸೊತ್ತೂ ಇರುವುದಿಲ್ಲ. ಇಂಡಕ್ಷನ್‌ಗೆ, ಅಂದರೆ ಔಷಧಿಯಿಂದಲೋ ಬೇರೆ ವಿಧಾನದಿಂದಲೋ ಹೆರಿಗೆ ನೋವು ಬರಿಸುವುದಕ್ಕೆ, ಮಾತ್ರ ತಾರೀಖು ಇರುತ್ತದೆ. ಆ ತಾರೀಖು ಬರುವವರೆಗಿನ ದಿನಗಳೇ ಎಷ್ಟೋ ಜನಕ್ಕೆ ಹೆರಿಗೆಗಿಂತ ಕಷ್ಟ.

ಸುತ್ತಲಿನವರು ಹೇಳುವುದು ಒಂದೇ ಮಾತು: “ಧೈರ್ಯವಾಗಿರು.” ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನಾನು, ಈ ಮಾತಿನಿಂದ ಯಾರ ಭಯವಾದರೂ ಹೋದದ್ದನ್ನು ನೋಡಿಲ್ಲ. ಮುಂದೆ ಏನು ನಡೆಯುತ್ತದೆ ಎಂದು ಗೊತ್ತಾದಾಗ, ಅಲ್ಲಿ ತನ್ನ ಮಾತಿಗೂ ಬೆಲೆ ಇದೆ ಎಂದು ಅನ್ನಿಸಿದಾಗ ಭಯ ಇಳಿಯುವುದನ್ನು ನೋಡಿದ್ದೇನೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಧೈರ್ಯದ ಮಾತು ಕಡಿಮೆ, ತಿಳಿದುಕೊಳ್ಳುವ ಮತ್ತು ಕೇಳುವ ಕೆಲಸ ಹೆಚ್ಚು.

1. ಯಾವುದಕ್ಕೆ ಭಯ ಎಂದು ಬರೆದಿಡಿ

“ಭಯ ಆಗ್ತಿದೆ” ಎನ್ನುವುದು ಒಂದು ಮುದ್ದೆ. ಅದನ್ನು ಬಿಡಿಸಬೇಕು. ಒಂದು ಹಾಳೆ ತೆಗೆದುಕೊಂಡು, ಮನಸ್ಸಿಗೆ ಬಂದದ್ದನ್ನೆಲ್ಲ ಸಾಲಾಗಿ ಬರೆಯಿರಿ. ನಾಚಿಕೆಯ ಭಯವನ್ನೂ ಬಿಡಬೇಡಿ. ಬಾಣಂತಿಯರು ನಮಗೆ ಆಮೇಲೆ ಹೇಳುವ ಭಯಗಳು ಹೀಗಿರುತ್ತವೆ: ನೋವು ತಡೆಯಲಾಗುವುದಿಲ್ಲವೇನೋ, ಔಷಧಿಯಿಂದ ಮಗುವಿಗೆ ತೊಂದರೆಯಾಗುತ್ತದೇನೋ, ಪದೇ ಪದೇ ಒಳಗೆ ಕೈ ಹಾಕಿ ನೋಡುತ್ತಾರಂತೆ, ಎರಡು ದಿನ ನೋವು ತಿಂದು ಕೊನೆಗೆ ಸಿಸೇರಿಯನ್ ಮಾಡುತ್ತಾರಂತೆ, ಎಲ್ಲರ ಮುಂದೆ ಕಿರುಚಿಬಿಟ್ಟರೆ, ಬೈದುಬಿಟ್ಟರೆ, ನಾನು ಸತ್ತುಹೋದರೆ.

ಕೊನೆಯದನ್ನೂ ಬರೆಯಿರಿ. ಬಾಯಿಬಿಟ್ಟು ಹೇಳಿದರೆ ಅಪಶಕುನ ಎಂದು ಮನೆಯಲ್ಲಿ ಬಾಯಿ ಮುಚ್ಚಿಸುತ್ತಾರೆ, ಆದರೆ ಮುಚ್ಚಿಟ್ಟ ಭಯ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತದೆ. ಬರೆದಾದ ಮೇಲೆ ಪ್ರತಿಯೊಂದರ ಪಕ್ಕದಲ್ಲಿ ಇದನ್ನು ಯಾರನ್ನು ಕೇಳಬೇಕು ಎಂದು ಗುರುತು ಹಾಕಿ: ಡಾಕ್ಟರನ್ನೋ, ಸಿಸ್ಟರನ್ನೋ, ಗಂಡನನ್ನೋ, ಅಮ್ಮನನ್ನೋ. ಪಟ್ಟಿಯ ಬಹುಪಾಲು ಪ್ರಶ್ನೆಗಳಾಗಿ ಬದಲಾಗುತ್ತದೆ. ಪ್ರಶ್ನೆಯಾಗದೆ ಉಳಿದದ್ದಕ್ಕೆ ಬೇರೆ ದಾರಿಯಿದೆ, ಮುಂದೆ ಹೇಳುತ್ತೇನೆ.

2. “ಯಾಕೆ, ಯಾಕೆ ಈಗ” ಎಂದು ಕೇಳಿ

ಯಾಕೆ ಎಂದು ಗೊತ್ತಿಲ್ಲದೆ ಅಡ್ಮಿಟ್ ಆಗುವವರ ಭಯವೇ ಎಲ್ಲಕ್ಕಿಂತ ಹೆಚ್ಚು. ಇಂಡಕ್ಷನ್‌ಗೆ ಸಾಮಾನ್ಯ ಕಾರಣಗಳು ಇಷ್ಟು: ದಿನ ತುಂಬಿ ಮೀರಿದೆ; ನೀರು ಒಡೆದಿದೆ, ನೋವು ಬಂದಿಲ್ಲ; ಬಿ.ಪಿ. ಏರಿದೆ, ಬಸುರಿನ ಸಕ್ಕರೆ ಕಾಯಿಲೆ ಇದೆ, ಮಗುವಿನ ಬೆಳವಣಿಗೆ ಕುಂಠಿತವಾಗಿದೆ, ಮಗುವಿನ ಸುತ್ತಲಿನ ನೀರು ಕಡಿಮೆಯಾಗಿದೆ, ಮಗುವಿನ ಓಡಾಟ ತಗ್ಗಿದೆ, ಮೈ ತುರಿಕೆಯ ಜೊತೆ ಲಿವರ್ ತೊಂದರೆ ಕಾಣಿಸಿದೆ. ಇವೆಲ್ಲದರ ಅವಸರ ಒಂದೇ ಅಲ್ಲ. ಬಿ.ಪಿ. ಏರಿ ತಲೆನೋವು, ಕಣ್ಣು ಮಂಜಾಗುವುದು ಶುರುವಾಗಿದ್ದರೆ ಕಾಯುವ ಮಾತೇ ಇಲ್ಲ. ಎಲ್ಲ ಚೆನ್ನಾಗಿದ್ದು ದಿನ ಮಾತ್ರ ಮೀರುತ್ತಿದ್ದರೆ ಮಾತಾಡಲು ಸಮಯವಿದೆ. ತೊಂದರೆಯಿಲ್ಲದ ಬಸುರಿನಲ್ಲಿ 41 ವಾರ ತುಂಬಿದಾಗ ಇಂಡಕ್ಷನ್ ಮಾಡಬಹುದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ದಿನದ ಲೆಕ್ಕವನ್ನೂ ಒಮ್ಮೆ ಖಚಿತ ಮಾಡಿಕೊಳ್ಳಿ. ಮುಟ್ಟು ಸರಿಯಾಗಿ ಆಗದವರಲ್ಲಿ ಕೊನೆಯ ಮುಟ್ಟಿನ ಲೆಕ್ಕ ಒಂದೆರಡು ವಾರ ಆಚೀಚೆ ಆಗುವುದುಂಟು. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನ ತಾರೀಖೇ ಹೆಚ್ಚು ನಂಬಲರ್ಹ. ಆ ರಿಪೋರ್ಟು ಜೊತೆಯಲ್ಲಿರಲಿ.

ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ಸರಳವಾಗಿ ಹೀಗೆ ಕೇಳಿ: “ಡಾಕ್ಟ್ರೇ, ನನಗೆ ಯಾವ ಕಾರಣಕ್ಕೆ ನೋವು ಬರಿಸ್ತಿದ್ದೀರಿ? ಇನ್ನೆರಡು ದಿನ ಕಾದರೆ ಏನಾಗಬಹುದು? ನೋವು ಬರಲೇ ಇಲ್ಲ ಅಂದ್ರೆ ಮುಂದೇನು?” ಉತ್ತರ ಅರ್ಥವಾಗದಿದ್ದರೆ “ಇನ್ನೊಂದು ಸಲ ಹೇಳಿ” ಎನ್ನಿ. ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ದಾರಿ ಇವನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಕೇಳುವುದು ಅಧಿಕಪ್ರಸಂಗವಾಗುವುದಿಲ್ಲ.

“ಇಂಡಕ್ಷನ್ ಅಂದ್ರೆ ಸಿಸೇರಿಯನ್ ಗ್ಯಾರಂಟಿ” ಎನ್ನುವ ಮಾತು ಪ್ರತಿ ಸೀಮಂತದಲ್ಲೂ ಕೇಳಿಬರುತ್ತದೆ. ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ 18.6 ಮಂದಿಗೆ ಸಿಸೇರಿಯನ್ ಆಯಿತು. ಕಾದು ನೋಡಿದವರಲ್ಲಿ 22.2 ಮಂದಿಗೆ. ಹಾಗೆಂದು ಎಲ್ಲರೂ 39ಕ್ಕೇ ಮಾಡಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಮ್ಮ ಆಸ್ಪತ್ರೆಗಳ ಸ್ಥಿತಿ ಬೇರೆ, ಅಲ್ಲಿನ ತಾಳ್ಮೆ ಬೇರೆ. ಆದರೆ ಆ “ಗ್ಯಾರಂಟಿ” ಮಾತು ನಿಜವಲ್ಲ ಎಂಬಷ್ಟನ್ನು ನಂಬಬಹುದು.

ಒಳ್ಳೆಯ ನಕ್ಷತ್ರ, ಮುಹೂರ್ತಕ್ಕಾಗಿ ನೋವು ಬರಿಸಿ ಎಂದು ಒತ್ತಾಯಿಸುವ ಮನೆಯವರಿಗೂ ಒಂದು ಮಾತು. ಗರ್ಭಕೊರಳು, ಅಂದರೆ ಗರ್ಭಕೋಶದ ಬಾಯಿ, ಪಂಚಾಂಗ ನೋಡಿ ಹಣ್ಣಾಗುವುದಿಲ್ಲ. ಬಸುರಿ ಈಗಾಗಲೇ ಹೆದರಿದ್ದಾಳೆ. ಗಂಟೆ ನಿಮಿಷದ ಲೆಕ್ಕವನ್ನೂ ಅವಳ ತಲೆಯ ಮೇಲೆ ಹೇರಬೇಡಿ.

3. ಅಲ್ಲಿ ಏನೇನು ಮಾಡುತ್ತಾರೆ ಎಂದು ಮೊದಲೇ ತಿಳಿಯಿರಿ

ಇದು ಉದ್ದದ ಹೆಜ್ಜೆ. ನಿಧಾನವಾಗಿ, ಬೇಕಿದ್ದರೆ ಗಂಡನ ಜೊತೆ ಕೂತು ಓದಿ.

ಅಡ್ಮಿಟ್ ಆದಮೇಲೆ ಮೊದಲು ಬಿ.ಪಿ., ನಾಡಿ, ಮೈಬಿಸಿ ನೋಡುತ್ತಾರೆ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತದ ಗ್ರಾಫ್ ತೆಗೆಯುತ್ತಾರೆ. ಅದನ್ನೇ ಸಿಟಿಜಿ ಅಥವಾ ಎನ್‌ಎಸ್‌ಟಿ ಎನ್ನುವುದು. ನಿಮಿಷಕ್ಕೆ 110ರಿಂದ 160 ಬಡಿತ ಸಹಜ. ಮಗು ತಿರುಗಿದಾಗ ಬೆಲ್ಟ್ ಜಾರಿ ಸದ್ದು ನಿಂತುಹೋಗುತ್ತದೆ, ತಾಯಿಯ ಜೀವ ಬಾಯಿಗೆ ಬರುತ್ತದೆ. ಸಿಸ್ಟರನ್ನು ಕರೆಯಿರಿ, ಹೆಚ್ಚಿನ ಸಲ ಬೆಲ್ಟ್ ಸರಿಮಾಡಿದರೆ ಸದ್ದು ಮತ್ತೆ ಕೇಳುತ್ತದೆ.

ಆಮೇಲೆ ಒಳಪರೀಕ್ಷೆ. ಗರ್ಭಕೊರಳು ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೇ ಗಟ್ಟಿಯೇ, ಹಿಂದಿದೆಯೇ ಮುಂದೆ ಬಂದಿದೆಯೇ, ಮಗುವಿನ ತಲೆ ಎಷ್ಟು ಇಳಿದಿದೆ ಎಂಬ ಐದಕ್ಕೆ ಅಂಕ ಕೊಡುತ್ತಾರೆ. ಒಟ್ಟು 13. ಇದಕ್ಕೆ ಬಿಷಪ್ ಸ್ಕೋರ್ ಎನ್ನುತ್ತಾರೆ. ಎಂಟು ದಾಟಿದ್ದರೆ ದೇಹ ತಯಾರಾಗಿದೆ ಎಂದು ಅರ್ಥ. ಆರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಗರ್ಭಕೊರಳನ್ನು ಹದ ಮಾಡಬೇಕು. ನಿಮ್ಮ ಸ್ಕೋರ್ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ: ಕಡಿಮೆಯಿದ್ದರೆ ಎಲ್ಲ ನಿಧಾನವಾಗುತ್ತದೆ ಎಂದು ಮನಸ್ಸು ಮೊದಲೇ ಸಿದ್ಧವಾಗಿರುತ್ತದೆ.

ಹದ ಮಾಡುವ ದಾರಿಗಳು ಮೂರು ನಾಲ್ಕಿವೆ. ಕೆಲವೊಮ್ಮೆ ಅಡ್ಮಿಟ್ ಆಗುವ ಮೊದಲೇ, ಚೆಕಪ್ಪಿಗೆ ಹೋದಾಗ ಬೆರಳಿನಿಂದ ಗರ್ಭಚೀಲದ ಪೊರೆಯನ್ನು ಸುತ್ತಲೂ ಸಡಿಲಿಸುತ್ತಾರೆ. ಅದಕ್ಕೆ ಸ್ವೀಪಿಂಗ್ ಎನ್ನುತ್ತಾರೆ. ಆಗ ಒಂದೆರಡು ನಿಮಿಷ ನೋವಾಗುತ್ತದೆ, ಆಮೇಲೆ ಒಂದು ದಿನ ಮುಟ್ಟಿನ ನೋವಿನಂಥ ಸೆಳೆತ, ಸ್ವಲ್ಪ ರಕ್ತದ ಕಲೆ ಕಾಣಿಸಬಹುದು. ಮಾಡುವ ಮೊದಲು ನಿಮಗೆ ಹೇಳಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ.

ನಮ್ಮಲ್ಲಿ ಹೆಚ್ಚಿನವರು ಕೇಳಿರುವುದು “ಜೆಲ್ ಇಡುವುದು”. ಡೈನೊಪ್ರೊಸ್ಟೋನ್ ಎಂಬ ಔಷಧಿಯ ಜೆಲ್ಲನ್ನು ಸಿರಿಂಜಿನಿಂದ ಗರ್ಭಕೊರಳಿನೊಳಗೆ ಇಡುತ್ತಾರೆ, ಅದರಲ್ಲಿ ಸೂಜಿ ಇರುವುದಿಲ್ಲ. ಫ್ರಿಜ್ಜಿನಲ್ಲಿಡುವ ಔಷಧಿಯಾದ್ದರಿಂದ ಸ್ವಲ್ಪ ತಣ್ಣಗನ್ನಿಸಬಹುದು. ಇಟ್ಟ ಮೇಲೆ ಸ್ವಲ್ಪ ಹೊತ್ತು ಮಲಗಿರಲು ಹೇಳುತ್ತಾರೆ. ಸುಮಾರು 6 ಗಂಟೆ ಬಿಟ್ಟು ನೋಡಿ, ಬೇಕಿದ್ದರೆ ಮತ್ತೊಂದು ಇಡುತ್ತಾರೆ. 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚಿಲ್ಲ. ಮೊದಲ ಜೆಲ್ಲಿಗೆ ಏನೂ ಆಗಲಿಲ್ಲ ಎಂದು ಅಳುವ ಚೊಚ್ಚಲ ಬಸುರಿಯರು ಬಹಳ. ಅದು ಸೋಲಿನ ಲಕ್ಷಣವೇ ಅಲ್ಲ, ತೀರಾ ಸಾಮಾನ್ಯ.

ಇನ್ನು ಕೆಲವು ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುತ್ತಾರೆ. ಹೆರಿಗೆ ನೋವಿಗೆ ಇದರ ಪ್ರಮಾಣ ಬಹಳ ಚಿಕ್ಕದು, 25 ಮೈಕ್ರೋಗ್ರಾಂ: ಬಾಯಿಗೆ ಕೊಟ್ಟರೆ ಎರಡು ಗಂಟೆಗೊಮ್ಮೆ, ಒಳಗಿಟ್ಟರೆ ಆರು ಗಂಟೆಗೊಮ್ಮೆ. ಚಳಿ ನಡುಕ, ಸ್ವಲ್ಪ ಜ್ವರ, ಭೇದಿ ಬರಬಹುದು. ಬಂದರೆ ಗಾಬರಿಯಾಗದೆ ಹೇಳಿ. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆ ಕೊಡುವಂತಿಲ್ಲ, ಹಳೆಯ ಹೊಲಿಗೆ ಬಿಡುವ ಅಪಾಯವಿದೆ. ಸಿಸೇರಿಯನ್ ಅಥವಾ ಗರ್ಭಕೋಶದ ಬೇರೆ ಆಪರೇಷನ್ ಆಗಿದ್ದರೆ, ಆಸ್ತಮಾ ಅಥವಾ ಗ್ಲಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ, ಡ್ಯೂಟಿ ಬದಲಾದಾಗಲೆಲ್ಲ ಹೊಸಬರಿಗೆ ನೀವೇ ಹೇಳಿ. ಫೈಲಿನಲ್ಲಿದೆ ಎಂದು ಸುಮ್ಮನಿರಬೇಡಿ.

ಔಷಧಿಯಿಲ್ಲದ ದಾರಿ ಫೋಲಿ ಬಲೂನು. ಮೂತ್ರಕ್ಕೆ ಹಾಕುವಂಥದ್ದೇ ತೆಳು ರಬ್ಬರ್ ನಳಿಕೆಯನ್ನು ಗರ್ಭಕೊರಳು ದಾಟಿಸಿ, ತುದಿಯ ಬಲೂನಿಗೆ 30ರಿಂದ 60 ಮಿಲಿ ನೀರು ತುಂಬಿ, ಹೊರಗಿನ ತುದಿಯನ್ನು ತೊಡೆಗೆ ಟೇಪ್ ಹಾಕುತ್ತಾರೆ. ಹಾಕುವಾಗ ಕಿರಿಕಿರಿ, ಹಾಕಿದ ಮೇಲೆ ಭಾರ. ಕೊರಳು ಮೂರು ನಾಲ್ಕು ಸೆಂಟಿಮೀಟರ್ ತೆರೆದಾಗ ತಾನೇ ಬೀಳುತ್ತದೆ. ಶೌಚಾಲಯದಲ್ಲಿ ಬಿತ್ತು ಎಂದು ಕಿರುಚಿಕೊಂಡು ಬರುವವರಿದ್ದಾರೆ. ಬಿದ್ದರೆ ಅದು ಒಳ್ಳೆಯ ಸುದ್ದಿ.

ಹದವಾದ ಮೇಲೆ ನೀರು ಒಡೆಸುತ್ತಾರೆ. ಉಪಕರಣ ನೋಡಿದರೆ ಹೆದರಿಕೆಯಾಗುತ್ತದೆ, ಆದರೆ ನೀರಿನ ಪೊರೆಗೆ ನೋವಿನ ನರವಿಲ್ಲ. ಒಳಪರೀಕ್ಷೆಯಷ್ಟೇ ಕಷ್ಟ, ಆಮೇಲೆ ಬೆಚ್ಚಗಿನ ನೀರು ಹರಿದ ಅನುಭವ. ನೀರು ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಆಗ ಎದೆಬಡಿತವನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ.

ಕೊನೆಗೆ “ನೋವಿನ ಡ್ರಿಪ್”, ಅಂದರೆ ಆಕ್ಸಿಟೋಸಿನ್. ನಿಮ್ಮ ದೇಹವೇ ತಯಾರಿಸುವ ಹಾರ್ಮೋನಿನ ತದ್ರೂಪ ಇದು. ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಸುಮಾರು ಅರ್ಧ ಗಂಟೆಗೊಮ್ಮೆ ಏರಿಸುತ್ತಾ, ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬರುವ ಹಾಗೆ ನೋಡಿಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂದರೆ ಅತಿಯಾಯಿತು. ಮಗುವಿಗೆ ಉಸಿರು ಸಿಗದೆ ಎದೆಬಡಿತ ಇಳಿಯಬಹುದು. ಆಗ ಡ್ರಿಪ್ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಈ ಔಷಧಿ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ, ನಿಲ್ಲಿಸಿದರೆ ಅದರ ಬಿಗಿಯೂ ಬೇಗ ಸಡಿಲವಾಗುತ್ತದೆ. ಔಷಧಿ ಮಗುವಿಗೆ ಏನು ಮಾಡುತ್ತದೋ ಎಂದು ಪಟ್ಟಿಯಲ್ಲಿ ಬರೆದವರು ಇದನ್ನು ನೆನಪಿಡಿ. ನೋವಿನ ನಡುವೆ ಬಿಡುವೇ ಸಿಗುತ್ತಿಲ್ಲ ಎನಿಸಿದರೆ ಸಹಿಸಿಕೊಂಡಿರಬೇಡಿ, “ಗ್ಯಾಪೇ ಸಿಗ್ತಿಲ್ಲ ಸಿಸ್ಟರ್” ಎಂದು ಕೂಗಿ ಹೇಳಿ. ಆ ಮಾತು ನಮಗೆ ಬೇಕು.

4. ಗಡಿಯಾರದ ನಿರೀಕ್ಷೆಯನ್ನು ಬದಲಿಸಿ

ಬೆಳಿಗ್ಗೆ ಜೆಲ್ ಇಟ್ಟರೆ ಸಂಜೆಗೆ ಮಗು ಎಂದುಕೊಂಡು ಬಂದವರಿಗೆ ರಾತ್ರಿ ಹೊತ್ತಿಗೆ ಭಯ ಇಮ್ಮಡಿಯಾಗುತ್ತದೆ. ಚೊಚ್ಚಲು ಹೆರಿಗೆ, ಕೊರಳು ಇನ್ನೂ ಗಟ್ಟಿ ಎಂದರೆ ಒಂದು ದಿನ, ಎರಡು ದಿನ ಹಿಡಿಯುವುದು ಸಹಜ. ಗರ್ಭಕೊರಳು 5 ಸೆಂಟಿಮೀಟರ್ ತೆರೆಯುವವರೆಗೆ ಹೆರಿಗೆ ಜೋರು ಹಿಡಿಯುವುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಯವರೆಗಿನ ಹೊತ್ತು ನಿದ್ದೆ ಮಾಡಲು, ಓಡಾಡಲು, ತಲೆ ಬಾಚಿಕೊಳ್ಳಲು, ಹರಟಲು ಇರುವ ಹೊತ್ತು. ಸೆಂಟಿಮೀಟರ್ ಲೆಕ್ಕ ಹಾಕುತ್ತಾ ಕೂತರೆ ನಿಜವಾಗಿ ಬಲ ಬೇಕಾದಾಗ ಸುಸ್ತಾಗಿರುತ್ತೀರಿ.

ಮನೆಯವರಿಗೂ ಇದನ್ನೇ ಹೇಳಿ ಬನ್ನಿ: “ಎರಡು ದಿನ ಆಗಬಹುದು, ಫೋನ್ ಮಾಡಿ ಕೇಳಬೇಡಿ, ನಾವೇ ಹೇಳ್ತೀವಿ.” ಗಂಟೆಗೊಂದು “ಇನ್ನೂ ಆಗ್ಲಿಲ್ವಾ?” ಕರೆ ಬಂದರೆ ಎಂಥ ಗಟ್ಟಿಗಿತ್ತಿಗೂ ತನ್ನಲ್ಲೇ ಏನೋ ದೋಷವಿದೆ ಅನ್ನಿಸುತ್ತದೆ. ಸುದ್ದಿ ಹೇಳುವ ಕೆಲಸವನ್ನು ಒಬ್ಬರಿಗೆ, ನಾದಿನಿಗೋ ತಮ್ಮನಿಗೋ, ವಹಿಸಿಬಿಡಿ.

5. ನೋವಿಗೆ ಮೊದಲೇ ಯೋಜನೆ ಮಾಡಿ

ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗಿಷ್ಟವಿಲ್ಲ. ಡ್ರಿಪ್ಪಿನ ನೋವು ತಾನಾಗಿ ಬರುವ ನೋವಿಗಿಂತ ಬೇಗ ಜೋರಾಗಬಹುದು, ಹೆಚ್ಚು ಅನ್ನಿಸಬಹುದು. ಅದಕ್ಕೇ ನೋವು ಕಡಿಮೆ ಮಾಡುವ ಏರ್ಪಾಟನ್ನು ಮೊದಲೇ ಮಾತಾಡಿಕೊಳ್ಳಬೇಕು.

ಎಪಿಡ್ಯುರಲ್ (ಬೆನ್ನಿಗೆ ತೆಳು ನಳಿಕೆ ಹಾಕಿ ನೋವು ತಗ್ಗಿಸುವ ಅರಿವಳಿಕೆ) ಬೇಕು ಎನ್ನುವವರು ಅಡ್ಮಿಟ್ ಆಗುವ ಮೊದಲೇ ಕೇಳಬೇಕಾದ್ದು: ಈ ಆಸ್ಪತ್ರೆಯಲ್ಲಿ ಇದೆಯೇ, ರಾತ್ರಿಯೂ ಅರಿವಳಿಕೆ ಡಾಕ್ಟರ್ ಇರುತ್ತಾರೆಯೇ, ಖರ್ಚೆಷ್ಟು. ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಈ ಸೌಲಭ್ಯ ಸಿಗುವುದಿಲ್ಲ. ಅದನ್ನು ನೋವಿನ ಮಧ್ಯೆ ತಿಳಿದುಕೊಳ್ಳುವುದಕ್ಕಿಂತ ವಾರ ಮೊದಲು ತಿಳಿದುಕೊಳ್ಳುವುದು ಮೇಲು. ಎಪಿಡ್ಯುರಲ್ಲಿನಿಂದ ಮಗು ಹೊರಬರುವ ಹಂತ ಸ್ವಲ್ಪ ಉದ್ದವಾಗಬಹುದು, ಆದರೆ ಅದರಿಂದ ಸಿಸೇರಿಯನ್ ಹೆಚ್ಚುವುದಿಲ್ಲ. ತೆಗೆದುಕೊಂಡರೆ ಹೆಣ್ತನಕ್ಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ವಾರ್ಡಿನ ಬಾಗಿಲಾಚೆಗೇ ಬಿಡಿ.

ಎಪಿಡ್ಯುರಲ್ ಇಲ್ಲದಿದ್ದರೆ ನೋವು ತಗ್ಗಿಸುವ ಇಂಜೆಕ್ಷನ್, ಕೆಲವು ಕಡೆ ಮಾಸ್ಕಿನಿಂದ ಎಳೆದುಕೊಳ್ಳುವ ಗ್ಯಾಸ್ ಇರುತ್ತದೆ. ಏನೂ ಇಲ್ಲದಿದ್ದಾಗಲೂ ಇರುವುದು ಉಸಿರು, ಭಂಗಿ, ಬಿಸಿ ಮತ್ತು ಕೈ. ನೋವು ಶುರುವಾದ ಕೂಡಲೇ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಬಾಯಿಂದ ಆರು ಎಣಿಸುವಷ್ಟು ನಿಧಾನಕ್ಕೆ ಬಿಡಿ. ಬಿಡುವ ಉಸಿರು ಉದ್ದವಿರಲಿ. ಇದನ್ನು ಇವತ್ತಿನಿಂದಲೇ ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡಿ. ಲೇಬರ್ ರೂಮಿನಲ್ಲಿ ಹೊಸದಾಗಿ ಕಲಿಯಲಾಗದು. ಬೆನ್ನಿನ ಕೆಳಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಲು ಜೊತೆಗಿರುವವರಿಗೆ ಕಲಿಸಿ. ಮಂಚದ ಮೇಲೆ ಅಂಗಾತ ಮಲಗುವುದು ಎಲ್ಲಕ್ಕಿಂತ ನೋವಿನ ಭಂಗಿ, ಮಗುವಿನ ರಕ್ತಸಂಚಾರಕ್ಕೂ ಒಳ್ಳೆಯದಲ್ಲ. ಎಡಮಗ್ಗುಲಾಗಿ, ಕೂತು, ಮಂಚ ಹಿಡಿದು ಮುಂದೆ ಬಾಗಿ ನಿಂತು ನೋಡಿ. ಡ್ರಿಪ್, ಬೆಲ್ಟ್ ಇದ್ದರೂ ಮಂಚದ ಪಕ್ಕ ನಿಲ್ಲಬಹುದೇ ಎಂದು ಕೇಳಿ.

ಕಿರುಚಿದರೆ ಕಿರುಚಿದಿರಿ. ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ.

6. ಒಳಪರೀಕ್ಷೆಯ ಭಯವನ್ನು ಬಾಯಿಬಿಟ್ಟು ಹೇಳಿ

ನೋವಿಗಿಂತ ಇದಕ್ಕೇ ಹೆಚ್ಚು ಹೆದರುವವರಿದ್ದಾರೆ, ಆದರೆ ಯಾರೂ ಹೇಳುವುದಿಲ್ಲ. ಇದರ ಹಿಂದೆ ಎಷ್ಟೋ ಸಲ ಹಳೆಯ ಕಹಿ ಅನುಭವವಿರುತ್ತದೆ: ಬಾಲ್ಯದ್ದೋ, ದಾಂಪತ್ಯದ್ದೋ, ಹಿಂದಿನ ಹೆರಿಗೆಯದ್ದೋ. ಕಾರಣ ವಿವರಿಸುವ ಅಗತ್ಯವಿಲ್ಲ. ಇಷ್ಟು ಹೇಳಿದರೆ ಸಾಕು: “ಸಿಸ್ಟರ್, ಒಳಗೆ ನೋಡುವಾಗ ನನಗೆ ತುಂಬಾ ಭಯ ಆಗುತ್ತೆ. ಮುಟ್ಟೋ ಮೊದಲು ಒಂದು ಮಾತು ಹೇಳಿ. ನಿಲ್ಲಿಸಿ ಅಂದರೆ ಸ್ವಲ್ಪ ನಿಲ್ಲಿಸಿ.”

ಮೂತ್ರ ಮಾಡಿ ಬಂದು ಮಲಗಿ. ಹಿಮ್ಮಡಿ ಹತ್ತಿರ ತಂದು ಮಂಡಿ ಎರಡೂ ಕಡೆಗೆ ಸಡಿಲಬಿಡಿ. ಹಲ್ಲು ಕಚ್ಚಬೇಡಿ, ದವಡೆ ಸಡಿಲವಾದರೆ ಕೆಳಗೂ ಸಡಿಲವಾಗುತ್ತದೆ. ಬೆರಳು ಒಳಹೋಗುವ ಹೊತ್ತಿಗೆ ಉಸಿರು ಹೊರಬಿಡುತ್ತಿರಿ. ಪರದೆ ಎಳೆಯಿರಿ, ಮೇಲೊಂದು ಬಟ್ಟೆ ಹೊದಿಸಿ ಎನ್ನುವುದು ನಿಮ್ಮ ಹಕ್ಕು. ಬೋಧನಾ ಆಸ್ಪತ್ರೆಯಾದರೆ ವಿದ್ಯಾರ್ಥಿಗಳೂ ನೋಡಲು ಬರಬಹುದು. ಒಬ್ಬರು ಸಾಕು ಎಂದು ಹೇಳಬಹುದು. ಎಲ್ಲ ಸರಿಯಿದ್ದರೆ, ನೋವು ಜೋರಾದ ಮೇಲೆ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದಕ್ಕಿಂತ ಬೇಗ ನೋಡುವುದಾದರೆ ಯಾಕೆ ಎಂದು ಕೇಳಿ.

7. ಜೊತೆಗೆ ಯಾರಿರಬೇಕೆಂದು ನೀವೇ ಆರಿಸಿ

ಒಬ್ಬರು ಪಕ್ಕದಲ್ಲಿದ್ದರೆ ಭಯ ಅರ್ಧ ಇಳಿಯುತ್ತದೆ. ನನ್ನ ವಾರ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಔಷಧಿ ಇನ್ನೊಂದನ್ನು ಕಂಡಿಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲೂ ಜೊತೆಗಾತಿ ಇರಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅವಕಾಶ ಕೊಟ್ಟಿತು. ಹೆರಿಗೆಯ ಅನುಭವವಿರುವ ಹೆಂಗಸಿದ್ದರೆ ಒಳ್ಳೆಯದು. ಮರೆ, ಪರದೆಯ ವ್ಯವಸ್ಥೆಯಿರುವ ಕಡೆ ಗಂಡನೂ ಇರಬಹುದು. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಕೊನೆಯಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮವೂ ಜೊತೆಗಾರರು ಮತ್ತು ಗೌರವದ ಆರೈಕೆ ಬೇಕೆಂದೇ ಹೇಳುತ್ತದೆ. ಜಾರಿಯಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಮೊದಲೇ ವಿಚಾರಿಸಿಡಿ.

ಆರಿಸುವಾಗ ಹತ್ತಿರದ ಸಂಬಂಧ ಯಾವುದೆಂದು ನೋಡಬೇಡಿ, ಯಾರು ಗಾಬರಿಯಾಗುವುದಿಲ್ಲ ಎಂದು ನೋಡಿ. ಮಗಳ ನೋವು ನೋಡಲಾಗದೆ ತಾನೇ ಕುಸಿಯುವ ಅಮ್ಮನಿಗಿಂತ, ನಾಲ್ಕು ಹೆರಿಗೆ ಕಂಡ ಚಿಕ್ಕಮ್ಮ ಅಥವಾ ಅತ್ತಿಗೆ ಲೇಸು. ಜೊತೆಗಿರುವವರು ಮಾಡಬೇಕಾದ್ದು ಕಡಿಮೆ: ನೀರು ಕುಡಿಸುವುದು, ಬೆನ್ನು ಒತ್ತುವುದು, ಉಸಿರು ಎಣಿಸುವುದು, ಡಾಕ್ಟರು ಹೇಳಿದ್ದನ್ನು ನೆನಪಿಡುವುದು. ಹೇಳಬಾರದ್ದು: “ಇಷ್ಟಕ್ಕೇ ಹಿಂಗಾ? ನಮ್ಮ ಕಾಲದಲ್ಲಿ ಹೊಲದಲ್ಲೇ ಹೆತ್ತು ಬಂದೆವು.” ಹಾಗೆ ಹೆತ್ತವರಲ್ಲಿ ಮನೆಗೆ ಮರಳದವರೂ ಇದ್ದರು. ಅವರ ಕಥೆ ಹೇಳಲು ಯಾರೂ ಉಳಿದಿಲ್ಲ, ಅಷ್ಟೇ.

8. ಹಿಂದಿನ ರಾತ್ರಿ

ಚೀಲ ಸಂಜೆಯೇ ಕಟ್ಟಿಡಿ: ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ರಿಪೋರ್ಟುಗಳು, ಆಧಾರ್, ಮುಂದೆ ಬಿಚ್ಚುವ ನೈಟಿ, ಪ್ಯಾಡ್, ಮಗುವಿಗೆ ತೊಳೆದ ಹತ್ತಿ ಬಟ್ಟೆ, ಚಾರ್ಜರ್, ಕಾಲುಚೀಲ. ನಿಮ್ಮ ಪ್ರಶ್ನೆಯ ಹಾಳೆಯೂ ಇರಲಿ.

ರಾತ್ರಿ ಅನ್ನ ಸಾರು, ಇಡ್ಲಿ, ಗಂಜಿಯಂಥ ಹಗುರ ಊಟ ಮಾಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೋ ತಿಂದು ಬರಬೇಕೋ ಎಂದು ಕೇಳಿಕೊಂಡಿರಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ನಿಯಮ ಬೇರೆ. ನೋವು ತಾನಾಗಿ ಬರಲಿ ಎಂದು ಹರಳೆಣ್ಣೆ ಕುಡಿಸಲು ಬರುವವರಿಗೆ ಬೇಡ ಎನ್ನಿ. ಭೇದಿಯಾಗಿ ನೀರಿನಂಶ ಕಳೆದುಕೊಂಡು ಸುಸ್ತಾದ ದೇಹದಲ್ಲಿ ಇಂಡಕ್ಷನ್ ಶುರುಮಾಡುವುದು ಯಾರಿಗೂ ಬೇಡ. ಹೆರಿಗೆಯ ವಿಡಿಯೊ ನೋಡುವುದನ್ನೂ ಅವತ್ತು ನಿಲ್ಲಿಸಿ.

ನಿದ್ದೆ ಬಾರದಿದ್ದರೆ ಬಲವಂತ ಮಾಡಬೇಡಿ, ಮಗ್ಗುಲಾಗಿ ಮಲಗಿ ಉಸಿರಿನ ಅಭ್ಯಾಸ ಮಾಡಿ. ದೇವರ ನಾಮ, ಜೋಗುಳ, ಅಜ್ಜಿ ಹೇಳುತ್ತಿದ್ದ ಯಾವುದೋ ಪದ, ಏನು ಮನಸ್ಸಿಗೆ ಹಿತವೋ ಅದನ್ನು ಮೆಲ್ಲಗೆ ಹೇಳಿಕೊಳ್ಳಿ. ಹಾಡುವಾಗ ಹೊರಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ.

ತಾರೀಖಿಗೆ ಕಾಯಬಾರದ ಸಂದರ್ಭಗಳೂ ಇವೆ: ಮಗುವಿನ ಓಡಾಟ ಕಡಿಮೆಯಾದರೆ, ರಕ್ತ ಹೋದರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ತೀವ್ರ ನೋವಾದರೆ, ಜ್ವರ ಬಂದರೆ ಆ ಕ್ಷಣವೇ ಹೊರಡಿ. ವಾಹನವಿಲ್ಲದಿದ್ದರೆ 108.

9. ಅಲ್ಲಿ ಇದ್ದಕ್ಕಿದ್ದಂತೆ ಗಾಬರಿ ಹತ್ತಿದರೆ

ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಎದ್ದು ಓಡಿಹೋಗಬೇಕೆನ್ನಿಸುವುದು ನಾವು ದಿನಾ ನೋಡುವಂಥದ್ದು. ಪಾದವನ್ನು ನೆಲಕ್ಕೆ ಊರಿ, ನೆಲದ ತಂಪು ಗಮನಿಸಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ: ಫ್ಯಾನು, ಕಿಟಕಿ, ಬಕೆಟ್ಟು. ಆಮೇಲೆ ಉದ್ದ ಉಸಿರು ಬಿಡಿ. ಮುಂದಿನ ಹತ್ತು ಗಂಟೆಯ ಯೋಚನೆ ಬೇಡ, ಈ ಒಂದು ನೋವು ಮುಗಿಯುವುದನ್ನಷ್ಟೇ ನೋಡಿ. ಒಂದು ನೋವು ಹೆಚ್ಚೆಂದರೆ ಒಂದೂವರೆ ನಿಮಿಷ ಇರುತ್ತದೆ, ಆಮೇಲೆ ಬಿಡುವಿದೆ.

ಸಿಬ್ಬಂದಿ ಗದರಿದರೆ? ಗದರುವವರಿದ್ದಾರೆ, ನನ್ನ ವೃತ್ತಿಯವರಿದ್ದೂ ಹೇಳುತ್ತೇನೆ, ಅದು ತಪ್ಪು. ಆಗ ಜೊತೆಗಿರುವವರು ಜಗಳಕ್ಕೆ ನಿಲ್ಲದೆ “ಮೇಡಂ, ಅವಳು ತುಂಬಾ ಹೆದರಿದ್ದಾಳೆ, ಸ್ವಲ್ಪ ನಿಧಾನವಾಗಿ ಹೇಳಿ” ಎಂದರೆ ಹೆಚ್ಚಿನವರು ಇಳಿಯುತ್ತಾರೆ. ಹೊಡೆದರೆ, ಹೊಟ್ಟೆಯ ಮೇಲೆ ಬಲವಾಗಿ ಒತ್ತಿ ಮಗುವನ್ನು ತಳ್ಳಲು ಬಂದರೆ ಬೇಡವೆಂದು ಖಡಾಖಂಡಿತ ಹೇಳಿ, ಹಿರಿಯ ಡಾಕ್ಟರನ್ನು ಕರೆಸಿ.

10. ಸಿಸೇರಿಯನ್‌ಗೆ ಹೋದರೆ

ಇದನ್ನೂ ಮೊದಲೇ ಒಮ್ಮೆ ಯೋಚಿಸಿಟ್ಟರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಔಷಧಿಗೆ ಕೊರಳು ತೆರೆಯದಿದ್ದರೆ, ಮಗುವಿನ ಬಡಿತ ಇಳಿದರೆ ಆಪರೇಷನ್ ಬೇಕಾಗುತ್ತದೆ. ಬಡಿತದ ಕಾರಣಕ್ಕಾದರೆ ತಡಮಾಡದೆ ಒಪ್ಪಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದು “ನೋವು ಬರ್ತಿಲ್ಲ” ಎಂಬುದಷ್ಟೇ ಕಾರಣವಾದರೆ “ಇನ್ನೂ ಸ್ವಲ್ಪ ಕಾಯಬಹುದಾ? ರಾತ್ರಿ ವಿಶ್ರಾಂತಿ ಕೊಟ್ಟು ನಾಳೆ ನೋಡಬಹುದಾ?” ಎಂದು ಕೇಳುವುದು ನ್ಯಾಯ. ನೀರು ಒಡೆಸಿದ ಮೇಲೆ ಡ್ರಿಪ್ಪಿಗೆ ಕನಿಷ್ಠ 12ರಿಂದ 18 ಗಂಟೆ ಅವಕಾಶ ಕೊಡದೆ ಇಂಡಕ್ಷನ್ ಫೇಲ್ ಎನ್ನಬಾರದು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ನಿಲುವು. ಫೇಲ್ ಎಂದು ಫೈಲಿನಲ್ಲಿ ಬರೆದರೂ, ಕೆಲಸ ಮಾಡದೆ ಹೋದದ್ದು ಔಷಧಿ, ನೀವಲ್ಲ.

11. ಇದ್ಯಾವುದಕ್ಕೂ ಭಯ ಬಗ್ಗದಿದ್ದರೆ

ಪಟ್ಟಿಯಲ್ಲಿ ಪ್ರಶ್ನೆಯಾಗದೆ ಉಳಿದ ಭಯ ಇಲ್ಲಿಗೆ ಬರುತ್ತದೆ. ವಾರಗಟ್ಟಲೆ ನಿದ್ದೆಯಿಲ್ಲ, ಹಳೆಯ ಹೆರಿಗೆ ಕಣ್ಣ ಮುಂದೆ ಮತ್ತೆ ಮತ್ತೆ ನಡೆಯುತ್ತದೆ, ಆಸ್ಪತ್ರೆಯ ವಾಸನೆಗೇ ಮೈ ಬೆವರುತ್ತದೆ, ನಾರ್ಮಲ್ ಹೆರಿಗೆಗಿಂತ ಸಾಯುವುದೇ ವಾಸಿ ಅನ್ನಿಸುತ್ತದೆ ಎಂದಾದರೆ ಅದಕ್ಕೆ ಚಿಕಿತ್ಸೆ ಇದೆ. ಹೆರಿಗೆಯ ಈ ವಿಪರೀತ ಭಯಕ್ಕೆ ಮನೋವೈದ್ಯರು ಟೋಕೋಫೋಬಿಯಾ ಎನ್ನುತ್ತಾರೆ. ಮಗುವನ್ನೇ ಹೆರದವರಲ್ಲೂ ಬರಬಹುದು, ಕೆಟ್ಟ ಹೆರಿಗೆಯ ನಂತರವೂ ಬರಬಹುದು. ಹಠ, ನಾಟಕ ಎಂದು ತಳ್ಳಿಹಾಕುವಂಥದ್ದಲ್ಲ.

ಇಂಡಕ್ಷನ್ ತಾರೀಖು ಬರುವ ಮೊದಲೇ ಡಾಕ್ಟರಿಗೆ ನೇರವಾಗಿ ಹೇಳಿ, ಮನೋವೈದ್ಯರನ್ನು ಕಾಣಿಸಿ ಎಂದು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಆರೈಕೆ ಮಾಡುವ ಘಟಕವೇ 2009ರಿಂದ ಇದೆ. ಜೀವ ಕಳೆದುಕೊಳ್ಳುವ ಯೋಚನೆ ಬಂದರೆ ನಾಳೆಗೆ ಬಿಡಬೇಡಿ, ಅವತ್ತೇ ಯಾರಿಗಾದರೂ ಹೇಳಿ, ಒಂಟಿಯಾಗಿರಬೇಡಿ.

12. ಡಿಸ್ಚಾರ್ಜ್ ಆಗುವ ಮೊದಲು

ಯಾವ ಔಷಧಿ ಕೊಟ್ಟರು, ಎಷ್ಟು ಸಲ, ಎಷ್ಟು ಹೊತ್ತು ಹಿಡಿಯಿತು, ಸಿಸೇರಿಯನ್ ಆದರೆ ಯಾಕೆ ಆಯಿತು, ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದಕ್ಕೋ ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಬಸುರಿನಲ್ಲಿ ಡಾಕ್ಟರು ಮೊದಲು ಕೇಳುವುದೇ ಇದನ್ನು. ಅಂದು ನಡೆದದ್ದರಲ್ಲಿ ಅರ್ಥವಾಗದ ಭಾಗ ಉಳಿದಿದ್ದರೆ ಹೊಲಿಗೆ ತೋರಿಸಲು ಬಂದಾಗ, ಇಲ್ಲವೇ ಆರು ವಾರದ ಚೆಕಪ್ಪಿನಲ್ಲಿ ಕೂತು ಕೇಳಿ. ಹೆರಿಗೆಯಾಗಿ ತಿಂಗಳಾದ ಮೇಲೂ ಅದೇ ಕನಸು ಬಿದ್ದು ಎಚ್ಚರವಾಗುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ಬಾಣಂತನ ಮುಗಿಯಲಿ ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಮೇಲೆ ಹೇಳಿದ 14416ಕ್ಕೆ ಬಾಣಂತಿಯೂ ಕರೆ ಮಾಡಬಹುದು, ಅವಳ ಪರವಾಗಿ ಮನೆಯವರೂ ಮಾಡಬಹುದು.